ಗೋಲಿಬಾರ್‌ಗೆ ಕಾಲಿದೆಯಾ?

ಪ್ರಿಯ ಮಿತ್ರರೇ,

ನೈಜೀರಿಯಾದ ಆಗ್ನೇಯ ಭಾಗದ ಇಗ್ಬೋ ಜನ ರಾಜಧಾನಿ ಅಬುಜಾದಲ್ಲಿ ಕುಳಿತು ಆಳುವವರನ್ನು ಯಾಕೆ ನಂಬುವುದಿಲ್ಲ ಎಂಬ ಬಗ್ಗೆ ನೀವು ಬರೆದ ‘ಇಗ್ಬೋ ಮನಸ್ಸು ಮತ್ತು ಅಬುಜಾ’ ಲೇಖನ ಕೈಸೇರಿ ಮೂರು ವಾರವಾಯಿತು. ಸಾಮಾನ್ಯವಾಗಿ ನಾನು ಇಷ್ಟು ದಿನ ಇಟ್ಟುಕೊಳ್ಳುವವನಲ್ಲ. ಹಿಡಿಸಿದರೆ ಎರಡೇ ದಿನಕ್ಕೆ ಒಪ್ಪಿಗೆ, ಹಿಡಿಸದಿದ್ದರೆ ಒಂದು ಸಾಲಿನ ಉತ್ತರ. ನಿಮ್ಮದು ಎರಡೂ ಆಗಲಿಲ್ಲ. ಓದಿದೆ, ಸಿಟ್ಟು ಬಂತು, ಪಕ್ಕಕ್ಕಿಟ್ಟೆ, ಮತ್ತೆ ತೆಗೆದೆ. ಆ ಸಿಟ್ಟು ಯಾಕೆ ಅಂತ ಹೇಳದೆ ಸುಮ್ನೆ ವಾಪಸ್ ಕಳಿಸಿದರೆ ನಿಮಗೆ ಅನ್ಯಾಯ ಮಾಡಿದ ಹಾಗೆ.

ಮೊದಲು ಹೊಗಳಿಕೆ ಮುಗಿಸಿಬಿಡೋಣ. ಲೇಗೋಸ್‌ನಲ್ಲಿ ಮೂರು ವರ್ಷ ಕೆಲಸ ಮಾಡಿ ಬಂದವರು ನೀವು. ಅಲಾಬಾ ಮಾರುಕಟ್ಟೆಯ ಆ ಭಾಗ ಚೆನ್ನಾಗಿದೆ. ಜನರೇಟರ್ ಸದ್ದು, ಸ್ಟೆಬಿಲೈಜರ್ ಡಬ್ಬಗಳ ನಡುವೆ ಕುಳಿತ ಅಂಗಡಿಯವರು, ಅವರು ಡ್ರಾಯರ್‌ನಿಂದ ತೆಗೆದು ತೋರಿಸಿದ ಅಪ್ಪನ ಕಾಲದ ಬ್ಯಾಂಕ್ ಪಾಸ್‌ಬುಕ್. ಕನ್ನಡದಲ್ಲಿ ನೈಜೀರಿಯಾ ಬಗ್ಗೆ ಬರೆಯುವವರೇ ಕಡಿಮೆ. ಬರೆದಿದ್ದಕ್ಕೆ ಥ್ಯಾಂಕ್ಸ್.

‘ಬುಡಕಟ್ಟು’ ಪದದ ಬಗ್ಗೆ ಜಗಳ ಆಡಬೇಕು ಅಂದುಕೊಂಡಿದ್ದೆ, ಬಿಟ್ಟಿದ್ದೇನೆ. ಇಗ್ಬೋಗಳು ಕೋಟಿಗಟ್ಟಲೆ ಇದ್ದಾರೆ. ನಮ್ಮನ್ನು ಯಾರಾದರೂ ‘ಕನ್ನಡ ಬುಡಕಟ್ಟು’ ಅಂದರೆ ನಿಮಗೆ ಹೇಗನ್ನಿಸುತ್ತದೆ? ಎಲ್ಲ ಕಡೆ ‘ಜನ’ ಎಂದು ತಿದ್ದಿದ್ದೇನೆ, ಅಷ್ಟೇ.

ನನ್ನ ನಿಜವಾದ ತಕರಾರು ನಿಮ್ಮ ಕ್ರಿಯಾಪದಗಳ ಮೇಲೆ.

ಎರಡನೇ ಪುಟ ತೆಗೆಯಿರಿ. ‘1966ರ ಜನವರಿಯಲ್ಲಿ ರಾಷ್ಟ್ರದ ಪ್ರಮುಖ ನಾಯಕರು ಕೊಲ್ಲಲ್ಪಟ್ಟರು.’ ಕೊಂದವರು ಯಾರು? ಸೇನೆಯ ಕೆಲವು ಮೇಜರ್‌ಗಳು. ಅವರಲ್ಲಿ ಹೆಚ್ಚಿನವರು ಇಗ್ಬೋ. ಸತ್ತವರು ಯಾರು? ಪ್ರಧಾನಿ ಅಬೂಬಕರ್ ತಫಾವಾ ಬಲೇವಾ, ಉತ್ತರ ಪ್ರಾಂತ್ಯದ ಪ್ರೀಮಿಯರ್ (ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಅಹ್ಮದು ಬೆಲ್ಲೊ, ಪಶ್ಚಿಮದ ಪ್ರೀಮಿಯರ್ ಅಕಿಂಟೊಲಾ. ಪೂರ್ವದ ಪ್ರೀಮಿಯರ್ ಒಕ್ಪಾರಾ ಇಗ್ಬೋ, ಅವರು ಉಳಿದರು. ಅಧ್ಯಕ್ಷ ಅಝಿಕಿವೆಯೂ ಇಗ್ಬೋ, ಅವರು ಆಗ ವಿದೇಶದಲ್ಲಿದ್ದರು. ಕೊನೆಗೆ ಅಧಿಕಾರ ಹಿಡಿದ ಜನರಲ್ ಐರನ್ಸಿ ಕೂಡ ಇಗ್ಬೋ. ಆ ಮೇಜರ್‌ಗಳ ತಲೆಯಲ್ಲಿ ಏನಿತ್ತೋ ಅದು ಬೇರೆ ಮಾತು. ಆದರೆ ಉತ್ತರದ ಕಾನೋ ನಗರದಲ್ಲಿ ರೇಡಿಯೊ ಕೇಳಿದವನಿಗೆ ಈ ಪಟ್ಟಿ ಹೇಗೆ ಕಂಡಿರಬೇಕು, ಯೋಚಿಸಿ. ನಿಮ್ಮ ‘ಕೊಲ್ಲಲ್ಪಟ್ಟರು’ ಆ ಪಟ್ಟಿಯನ್ನೇ ನುಂಗಿಹಾಕಿದೆ. ಇಗ್ಬೋಗಳ ಮೇಲಿನ ನಿಮ್ಮ ಪ್ರೀತಿಯೇ ಇಲ್ಲಿ ಕೆಲಸ ಮಾಡಿದೆ ಅನ್ನೋದು ನನ್ನ ಗುಮಾನಿ.

ಮುಂದಿನ ಸಾಲು: ‘ನಂತರ ಉತ್ತರದಲ್ಲಿ ಸಾವಿರಾರು ಇಗ್ಬೋಗಳು ಹತ್ಯೆಗೀಡಾದರು.’ ಮತ್ತೆ ಅದೇ. ಅದೇ ವರ್ಷ ಜುಲೈ 29ರಂದು ಉತ್ತರದ ಸೈನಿಕರು ದಂಗೆಯೆದ್ದರು. ಇಬಾದಾನ್‌ಗೆ ಬಂದಿದ್ದ ಐರನ್ಸಿಯನ್ನು ಹಿಡಿದು ಕೊಂದರು. ಸೇನಾಧಿಕಾರಿ ಗೊವೊನ್ ಅಧಿಕಾರಕ್ಕೆ ಬಂದರು. ಸೆಪ್ಟೆಂಬರ್-ಅಕ್ಟೋಬರ್‌ನಲ್ಲಿ ಉತ್ತರದ ಊರುಗಳಲ್ಲಿ ಇಗ್ಬೋಗಳನ್ನು ಬೀದಿಯ ಗುಂಪುಗಳು ಕೊಂದವು, ಸೈನಿಕರೂ ಕೈಜೋಡಿಸಿದರು. ಹತ್ತು ಲಕ್ಷಕ್ಕೂ ಜಾಸ್ತಿ ಜನ ರೈಲು, ಲಾರಿ ಹತ್ತಿ ಪೂರ್ವಕ್ಕೆ ಓಡಿದರು. ಹಾಗೆ ಬಂದಿಳಿದವರ ಮನಸ್ಸಿನಲ್ಲಿದ್ದದ್ದು ‘ಹತ್ಯೆಗೀಡಾದರು’ ಅಲ್ಲ. ಕೊಂದವರು ಯಾರು, ತಡೆಯಬೇಕಾದವರು ಎಲ್ಲಿದ್ದರು ಅನ್ನೋದು. ದೇಶದ ನಾಯಕರನ್ನು ನಂಬುವ, ನಂಬದ ಮಾತು ಶುರುವಾಗುವುದೇ ಆ ಎರಡನೇ ಪ್ರಶ್ನೆಯಿಂದ ಅಲ್ವಾ? ಲೇಖನದ ವಿಷಯವನ್ನೇ ಕ್ರಿಯಾಪದದೊಳಗೆ ಹೂತುಬಿಟ್ಟಿದ್ದೀರಿ.

ನಾಲ್ಕನೇ ಪುಟ, 1967ರಲ್ಲಿ ಪೂರ್ವ ಪ್ರಾಂತ್ಯ ತನ್ನನ್ನು ಬಿಯಾಫ್ರಾ ಎಂಬ ಪ್ರತ್ಯೇಕ ದೇಶವೆಂದು ಘೋಷಿಸಿಕೊಂಡ ಮೇಲೆ ನಡೆದ ಯುದ್ಧದ ಭಾಗ: ‘ಬಿಯಾಫ್ರಾಕ್ಕೆ ಆಹಾರ ತಲುಪದಂತೆ ತಡೆಯಲಾಯಿತು.’ ತಡೆದದ್ದು ಕೇಂದ್ರ ಸರ್ಕಾರ, ದಿಗ್ಬಂಧನ ಹಾಕಿ. ಅದನ್ನು ಬರೆಯಿರಿ. ಬರೆದ ಮೇಲೆ ಇನ್ನೊಂದನ್ನೂ ಬರೆಯಬೇಕಾಗುತ್ತದೆ. ಕೇಂದ್ರದ ಹಿಡಿತದಲ್ಲಿದ್ದ ನೆಲದ ಮೇಲೆ ಹಾದು ಬರುವ ಪರಿಹಾರದ ದಾರಿಯನ್ನು ಬಿಯಾಫ್ರಾದ ನಾಯಕ ಒಜುಕ್ವು ಒಪ್ಪಲಿಲ್ಲ. ಊಟಕ್ಕೆ ವಿಷ ಹಾಕುತ್ತಾರೆ, ಅದೇ ದಾರಿಯಲ್ಲಿ ಸೈನ್ಯ ನುಗ್ಗುತ್ತದೆ ಅನ್ನುವ ಭಯ. ಮಾಡಿದವರ ಹೆಸರು ಹೇಳಲು ಹೊರಟರೆ ಎರಡೂ ಕಡೆಯವರ ಹೆಸರು ಬರುತ್ತದೆ. ಆಗ ಮಾತ್ರ ಓದುಗ ನಿಮ್ಮನ್ನು ನಂಬುತ್ತಾನೆ.

ಇಲ್ಲಿ ನನ್ನದೊಂದು ಹಳೆಯ ಕತೆ ಹೇಳಬೇಕು, ಸಹಿಸಿಕೊಳ್ಳಿ. ನಾನು ಪತ್ರಿಕೆಗೆ ಸೇರಿದಾಗ ಸುದ್ದಿಯೆಲ್ಲ ಟೆಲಿಪ್ರಿಂಟರ್‌ನಲ್ಲಿ ಇಂಗ್ಲಿಷಿನಲ್ಲೇ ಬರುತ್ತಿತ್ತು. ರಾತ್ರಿ ಪಾಳಿಯಲ್ಲಿ ಅದನ್ನು ಕನ್ನಡಕ್ಕೆ ಇಳಿಸುವುದು ನಮ್ಮಂಥ ಮರಿಗಳ ಕೆಲಸ. ಇಂಗ್ಲಿಷಿನಲ್ಲಿ ಇದ್ದ ಹಾಗೇ ಇಳಿಸುತ್ತಿದ್ದೆ. ಬಂಧಿಸಲ್ಪಟ್ಟರು, ಸನ್ಮಾನಿಸಲ್ಪಟ್ಟರು, ಲೋಕಾರ್ಪಣೆಗೊಳಿಸಲ್ಪಟ್ಟಿತು. ನಮ್ಮ ಮುಖ್ಯ ಉಪಸಂಪಾದಕರು ಒಂದು ಕಾನೂನು ಮಾಡಿದರು. ಒಂದು ‘ಅಲ್ಪಟ್ಟ’ಕ್ಕೆ ಒಂದು ಚಹಾ, ನನ್ನ ಖರ್ಚಿನಲ್ಲಿ, ಇಡೀ ಡೆಸ್ಕಿಗೆ. ಮೊದಲ ತಿಂಗಳು ಕ್ಯಾಂಟೀನಿನವನಿಗೆ ಕೊಟ್ಟದ್ದು ನನ್ನ ಸಂಬಳದ ಕಾಲು ಭಾಗ.

ಚಹಾ ಲೆಕ್ಕ ಇಳಿದ ಮೇಲೆ ನಾನು ಬುದ್ಧಿವಂತನಾದೆ ಅಂದುಕೊಂಡೆ. ಒಂದು ರಾತ್ರಿ ಗಲಭೆಯ ಸುದ್ದಿ ಬಂತು. ‘ಗೋಲಿಬಾರ್ ನಡೆಯಿತು, ಇಬ್ಬರು ಸತ್ತರು’ ಎಂದು ಬರೆದೆ. ‘ಅಲ್ಪಟ್ಟ’ ಎಲ್ಲೂ ಇಲ್ಲ! ಅವರು ಗ್ಯಾಲಿ ಪ್ರೂಫ್ ಹಿಡಿದು ನನ್ನ ಮೇಜಿನ ಹತ್ತಿರ ಬಂದರು. “ನಡೆಯೋಕೆ ಗೋಲಿಬಾರ್‌ಗೆ ಕಾಲಿದೆಯೇನಯ್ಯಾ?” ಎಂದರು. ನಾನು ನಕ್ಕೆ. ಅವರು ನಗಲಿಲ್ಲ. “ಸತ್ತವರ ಮನೆಯವರು ಬೆಳಿಗ್ಗೆ ಪೇಪರ್ ಓದ್ತಾರೆ. ಗುಂಡು ಹೊಡೆದವರು ಯಾರು ಅಂತ ಅವರಿಗೆ ಗೊತ್ತು. ನಿನಗೆ ಹೇಳೋಕೆ ಧೈರ್ಯ ಇಲ್ಲ ಅನ್ನೋದೂ ಗೊತ್ತಾಗ್ತದೆ.” ಅದನ್ನು ‘ಪೊಲೀಸರು ಗುಂಡು ಹಾರಿಸಿ ಇಬ್ಬರನ್ನು ಕೊಂದರು’ ಎಂದು ತಿದ್ದಲು ಆ ರಾತ್ರಿ ನನಗೆ ಹತ್ತು ನಿಮಿಷ ಹಿಡಿಯಿತು. ಇವತ್ತಿಗೂ ಆ ಹತ್ತು ನಿಮಿಷ ನೆನಪಾದರೆ ಮುಖ ಬಿಸಿಯಾಗುತ್ತದೆ.

ನಿಮ್ಮ ಅಲಾಬಾ ಅಂಗಡಿಯವರ ಹತ್ತಿರ ಕೆಲಸ ಕಲಿಯುವ ಹುಡುಗ ಇದ್ದಾನಲ್ಲ, ಅವನ ಜಾಗದಲ್ಲಿ ನಾನಿದ್ದೆ ಅನ್ನಿ. ಇಗ್ಬೋಗಳು ಅದಕ್ಕೆ ‘ಇಗ್ಬಾ ಬೋಯಿ’ ಅನ್ನುತ್ತಾರೆ. ಐದಾರು ವರ್ಷ, ಕೆಲವೊಮ್ಮೆ ಇನ್ನೂ ಜಾಸ್ತಿ, ಹುಡುಗ ಓಗಾನ, ಅಂದರೆ ಯಜಮಾನನ, ಮನೆಯಲ್ಲಿದ್ದು ಸಂಬಳವಿಲ್ಲದೆ ದುಡಿಯುತ್ತಾನೆ. ಕೊನೆಗೆ ಓಗಾ ಅವನಿಗೆ ಬಂಡವಾಳ ಕೊಟ್ಟು ಸ್ವಂತ ಅಂಗಡಿಗೆ ಕೂರಿಸುತ್ತಾನೆ. ಅದು ‘ಸೆಟಲ್‌ಮೆಂಟ್’. ನನಗೆ ಸಿಕ್ಕ ಸೆಟಲ್‌ಮೆಂಟ್ ಅವರ ಕೆಂಪು ಪೆನ್ನು. ಅದೇ ಈಗ ನಿಮ್ಮ ಮೇಲೆ ಓಡುತ್ತಿದೆ.

ಈ ಹುಡುಗನನ್ನು ನೀವು ಎರಡು ಸಾಲಿನಲ್ಲಿ ಮುಗಿಸಿದ್ದು ನನ್ನ ಎರಡನೇ ತಕರಾರಿಗೆ ಕರೆದೊಯ್ಯುತ್ತದೆ. ‘ನಂಬಿಕೆ’ ಎಂಬ ಪದ ನಿಮ್ಮ ಲೇಖನದಲ್ಲಿ ಮೂವತ್ತೊಂದು ಸಲ ಬಂದಿದೆ. ಎಣಿಸಿದ್ದೇನೆ. ಒಂದೇ ಪದಕ್ಕೆ ಮೂರು ಮನೆಯ ಕೆಲಸ ಹಚ್ಚಿದ್ದೀರಿ.

‘ಇಗ್ಬೋಗಳಿಗೆ ರಾಷ್ಟ್ರಾಧ್ಯಕ್ಷರಲ್ಲಿ ನಂಬಿಕೆಯಿಲ್ಲ’ ಎಂದು ಒಂದು ಕಡೆ. ‘ನೈಜೀರಿಯಾದಲ್ಲಿ ನಂಬಿಕೆಯಿಲ್ಲ’ ಎಂದು ಇನ್ನೊಂದು ಕಡೆ, ಮೊದಲನೆಯದರ ಮುಂದುವರಿಕೆ ಅನ್ನುವ ಹಾಗೆ. ಎರಡೂ ಒಂದೇ ಅಲ್ಲ ಮಾರಾಯರೇ. ನೀವೇ ಹೆಸರಿಸಿರುವ ಆಫ್ರೋಬ್ಯಾರೋಮೀಟರ್ ಸಮೀಕ್ಷೆ ಇವನ್ನು ಬೇರೆ ಬೇರೆಯಾಗಿ ಕೇಳುತ್ತದೆ. ಅಧ್ಯಕ್ಷರನ್ನು ಎಷ್ಟು ನಂಬುತ್ತೀರಿ: ಸ್ವಲ್ಪವೂ ಇಲ್ಲ, ಅಲ್ಪಸ್ವಲ್ಪ, ತಕ್ಕಮಟ್ಟಿಗೆ, ತುಂಬಾ? ಇದು ಒಂದು ಪ್ರಶ್ನೆ. ನೀವು ಮೊದಲು ನಿಮ್ಮ ಜನಾಂಗದವರೋ, ಮೊದಲು ನೈಜೀರಿಯನ್ನರೋ, ಎರಡೂ ಸಮವೋ? ಇದು ಇನ್ನೊಂದು. ಮೊದಲನೆಯದಕ್ಕೆ ‘ಸ್ವಲ್ಪವೂ ಇಲ್ಲ’ ಎಂದವನು ಎರಡನೆಯದಕ್ಕೆ ‘ಎರಡೂ ಸಮ’ ಅನ್ನಬಹುದು. ನಿಮ್ಮ ಅಂಗಡಿಯವರನ್ನೇ ನೋಡಿ. ಅಬುಜಾದ ಹೆಸರೆತ್ತಿದರೆ ಕ್ಯಾಕರಿಸುತ್ತಾರೆ, ಆದರೆ ಅಂಗಡಿ ಇಟ್ಟಿರುವುದು ಇನ್ನೊಂದು ಜನಾಂಗವಾದ ಯೊರುಬಾಗಳ ಲೇಗೋಸ್‌ನಲ್ಲಿ.

‘ಚುನಾವಣೆಯಲ್ಲಿ ನಂಬಿಕೆ ಕಳೆದುಕೊಂಡರು’ ಎಂಬಲ್ಲಿ ನಿಮಗೆ ಬೇಕಾದ ಪದ ಭರವಸೆ. 2023ರ ಅಧ್ಯಕ್ಷ ಚುನಾವಣೆಯಲ್ಲಿ ಇಗ್ಬೋ ಅಭ್ಯರ್ಥಿ ಪೀಟರ್ ಓಬಿಗೆ 61 ಲಕ್ಷ ಮತ ಬಿತ್ತು. ಮೂರನೇ ಸ್ಥಾನ. ಐದೂ ಇಗ್ಬೋ ರಾಜ್ಯಗಳನ್ನಷ್ಟೇ ಅಲ್ಲ, ಲೇಗೋಸ್ ಮತ್ತು ಅಬುಜಾವನ್ನೂ ಅವರು ಗೆದ್ದರು. ಭರವಸೆ ಇಲ್ಲದವರು ಬಿಸಿಲಲ್ಲಿ ಸಾಲು ನಿಲ್ಲುವುದಿಲ್ಲ. ನಿಂತು, ಸೋತು, ಮನೆಗೆ ಹೋದವರ ಸಿಟ್ಟು ಬೇರೆ ತರಹದ್ದು.

ಇನ್ನು ನನ್ನನ್ನು ಕೆರಳಿಸಿದ ಸಾಲು, ಆರನೇ ಪುಟದ ಕೊನೆಯದು: ‘ಇಗ್ಬೋಗಳು ತಮ್ಮವರನ್ನು ಮಾತ್ರ ನಂಬುತ್ತಾರೆ.’ ಹೌದಾ? 2011ರಲ್ಲೂ 2015ರಲ್ಲೂ ಆಗ್ನೇಯದ ರಾಜ್ಯಗಳು ಮತವನ್ನು ರಾಶಿ ರಾಶಿಯಾಗಿ ಸುರಿದದ್ದು ಗುಡ್‌ಲಕ್ ಜೊನಾಥನ್‌ಗೆ. ಅವರು ಇಜಾ ಎಂಬ ಬೇರೆ ಜನಾಂಗದವರು. 1979ರಲ್ಲಿ ಇಗ್ಬೋ ಆಗಿದ್ದ ಎಕ್ವುಯೆಮೆ ಉತ್ತರದ ಅಧ್ಯಕ್ಷ ಅಭ್ಯರ್ಥಿ ಶಗಾರಿಯ ಜೊತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದರು. ಆದರೂ ಇಗ್ಬೋ ರಾಜ್ಯಗಳು ಒಲಿದದ್ದು ಬೇರೆ ಪಕ್ಷಕ್ಕೆ. ಬಿಯಾಫ್ರಾ ಕಟ್ಟಿದ ಒಜುಕ್ವು ದೇಶಭ್ರಷ್ಟತೆಯಿಂದ ವಾಪಸ್ ಬಂದು 1983ರಲ್ಲಿ ತಮ್ಮ ನೆಲದಲ್ಲೇ ಸೆನೆಟ್‌ಗೆ ನಿಂತರು. ಗೆಲ್ಲಲಿಲ್ಲ. ‘ಇಗ್ಬೋ ಎನ್ವೆ ಎಝೆ’, ಇಗ್ಬೋಗಳಿಗೆ ರಾಜನಿಲ್ಲ ಎಂದು ಅವರೇ ಹೇಳಿಕೊಳ್ಳುತ್ತಾರೆ. ಬ್ರಿಟಿಷರು ಅವರ ಮೇಲೆ ‘ವಾರಂಟ್ ಚೀಫ್’ಗಳನ್ನು ಕೂರಿಸಿದರು. 1929ರ ನವೆಂಬರ್‌ನಲ್ಲಿ ಒಲೊಕೊ ಊರಿನಲ್ಲಿ ನ್ವಾನ್ಯೆರುವಾ ಎಂಬ ವಿಧವೆ ತಾಳೆಎಣ್ಣೆ ಹಿಂಡುತ್ತಿದ್ದಳು. ಅಲ್ಲಿನ ಚೀಫ್ ಕಳಿಸಿದವನು ಬಂದು, ತೆರಿಗೆಯ ಲೆಕ್ಕಕ್ಕೆ, ನಿನ್ನ ಆಡು, ಕುರಿ, ಮನೆಜನ ಎಣಿಸು ಅಂದ. ನಿನ್ನ ಅಮ್ಮನನ್ನು ಎಣಿಸಿದ್ದೀರಾ ಅಂತ ಆಕೆ ತಿರುಗಿ ಕೇಳಿದಳು. ಎಣ್ಣೆ ಕೈಯಲ್ಲೇ ಜಗಳವಾಯಿತು. ಅಲ್ಲಿಂದ ಸಾವಿರಾರು ಹೆಂಗಸರು ಬೀದಿಗಿಳಿದರು, ಬ್ರಿಟಿಷ್ ಆಡಳಿತದ ಪೊಲೀಸರು, ಸೈನಿಕರು ಐವತ್ತಕ್ಕೂ ಹೆಚ್ಚು ಹೆಂಗಸರನ್ನು ಗುಂಡಿಟ್ಟು ಕೊಂದರು. ಆ ಚೀಫ್ ಒಕುಗೊ ಹೊರಗಿನವನಲ್ಲ, ಅಲ್ಲಿಯವನೇ.

ಹಾಗಾಗಿ ನಿಮ್ಮ ಶೀರ್ಷಿಕೆಯ ‘ಇಗ್ಬೋ ಮನಸ್ಸು’ ಹೊಡೆದುಹಾಕಿದ್ದೇನೆ. ಅಪನಂಬಿಕೆ ಅವರ ರಕ್ತದಲ್ಲಿದೆ ಅನ್ನುವ ಹಾಗೆ ಓದಿಸಿಕೊಳ್ಳುತ್ತದೆ. 2015ರ ಜುಲೈನಲ್ಲಿ ವಾಷಿಂಗ್ಟನ್‌ನಲ್ಲಿ ಕುಳಿತು, ತನಗೆ ನೂರಕ್ಕೆ 97 ಮತ ಕೊಟ್ಟ ಪ್ರದೇಶವನ್ನೂ 5 ಕೊಟ್ಟ ಪ್ರದೇಶವನ್ನೂ ಎಲ್ಲ ವಿಷಯದಲ್ಲಿ ಒಂದೇ ರೀತಿ ನೋಡಲಾಗದು ಎಂಬ ಅರ್ಥದ ಮಾತಾಡಿದ್ದು ಯಾರು? ಹೊಸದಾಗಿ ಅಧ್ಯಕ್ಷರಾಗಿದ್ದ ಬುಹಾರಿ. ಬೇರೆ ವಲಯಗಳಿಗೆ ಆರು ರಾಜ್ಯ, ಒಂದಕ್ಕಂತೂ ಏಳು. ಆಗ್ನೇಯಕ್ಕೆ ಮಾತ್ರ ಐದು. ರಾಜ್ಯಕ್ಕೆ ಮೂವರು ಸೆನೆಟರ್. ಹದಿನೈದಕ್ಕೂ ಹದಿನೆಂಟಕ್ಕೂ ಇರುವ ವ್ಯತ್ಯಾಸ ಯಾವ ಮನಸ್ಸಿನಲ್ಲೂ ಇಲ್ಲ, ಸದನದಲ್ಲಿದೆ. ಆ ಗಡಿಗಳನ್ನು ಎಳೆದವರು ಸೇನಾ ಆಡಳಿತಗಾರರು.

ಕೊನೆಯದಾಗಿ ಒಂಬತ್ತನೇ ಪುಟ. ‘ಯುದ್ಧದ ಬಳಿಕ ಖಾತೆದಾರರಿಗೆ ಕೇವಲ 20 ಪೌಂಡ್ ನೀಡಲ್ಪಟ್ಟಿತು.’ (ಇದೊಂದು ಚಹಾ.) ಕೊಟ್ಟದ್ದು ಯಾರು? ‘ಗೆದ್ದವರಿಲ್ಲ, ಸೋತವರಿಲ್ಲ’ ಎಂದು 1970ರ ಜನವರಿಯಲ್ಲಿ ಘೋಷಿಸಿದ ಅದೇ ಗೊವೊನ್ ಸರ್ಕಾರ. ಹಣಕಾಸು ಖಾತೆ ಆಗ ಯೊರುಬಾ ನಾಯಕ ಅವೊಲೊವೊ ಕೈಯಲ್ಲಿತ್ತು. ಬಿಯಾಫ್ರಾ ಕಾಲದಲ್ಲಿ ವ್ಯವಹಾರ ನಡೆದ ಖಾತೆಯಲ್ಲಿ ಎಷ್ಟೇ ಇರಲಿ, ಕೈಗೆ ಬಂದದ್ದು 20 ಪೌಂಡ್. ಎರಡು ವರ್ಷ ಕಳೆದು ಅದೇ ಸರ್ಕಾರ ವಿದೇಶಿ ಕಂಪನಿಗಳ ಪಾಲನ್ನು ನೈಜೀರಿಯನ್ನರಿಗೆ ಮಾರಿಸಿತು. ಆಗ ಕೊಳ್ಳಲು ಯಾರ ಕೈಯಲ್ಲಿ ದುಡ್ಡಿತ್ತು, ಯಾರ ಕೈಯಲ್ಲಿ ಇರಲಿಲ್ಲ? ಇಷ್ಟನ್ನು ಬರೆದರೆ ನಂಬಿಕೆ ಅನ್ನುವ ಪದವೇ ಆ ಪುಟಕ್ಕೆ ಬೇಕಾಗುವುದಿಲ್ಲ. ಹಾಗೇ ಆ ಹುಡುಗನನ್ನೂ ಅಲ್ಲಿಗೆ ತನ್ನಿ. ಕಾಗದವಿಲ್ಲ, ಸಹಿಯಿಲ್ಲ, ಓಗಾನ ಒಂದು ಮಾತಿನ ಮೇಲೆ ಆರು ವರ್ಷ ಬೆಳಿಗ್ಗೆ ಶಟರ್ ಎತ್ತುತ್ತಾನೆ. ಮುದ್ರೆ ಒತ್ತಿದ ಕಾಗದ ಆ ಡ್ರಾಯರ್‌ನಲ್ಲಿದೆ.

ತಿದ್ದಿದ ಪ್ರತಿ ಜೊತೆಗಿದೆ. ತಿಂಗಳೊಳಗೆ ಕಳಿಸಿದರೆ ಹಾಕುತ್ತೇನೆ. ಒಂದೇ ಒಂದು ವಿಷಯ ನನ್ನಿಂದ ತಿದ್ದಲಾಗಲಿಲ್ಲ. ಆ ಪಾಸ್‌ಬುಕ್‌ನಲ್ಲಿ ‘ಸಾಕಷ್ಟು ಹಣ ಜಮಾ ಆಗಿತ್ತು’ ಎಂದಿದ್ದೀರಿ. ಕೈಯಲ್ಲಿ ಹಿಡಿದು ನೋಡಿದವರು ನೀವು. ಎಷ್ಟು ಪೌಂಡ್ ಇತ್ತು? ಕೊನೆಯ ಸಲ ಕಟ್ಟಿದ್ದು ಯಾವ ತಾರೀಖು? ಮರೆತಿದ್ದರೆ ಅಂಗಡಿಯವರಿಗೆ ಫೋನ್ ಮಾಡಿ, ಡ್ರಾಯರ್ ತೆಗೆದು ಓದಿ ಹೇಳುತ್ತಾರೆ.

ಇಂತಿ,
ಸಂಪಾದಕ