ಹೊನ್ನೆ ಮರ ಎಲ್ಲಿ ಬೆಳೆಯುತ್ತದೆ? ಅದರ ಲೋಟದ ನೀರು ಸಕ್ಕರೆ ಕಾಯಿಲೆಗೆ ಒಳ್ಳೆಯದಾ?

ಹೊನ್ನೆ ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡಿನ ಮರ. ನಮ್ಮಲ್ಲಿ ಬಂಡೀಪುರ, ನಾಗರಹೊಳೆ, ಭದ್ರಾ ಕಡೆ ತೇಗ, ಮತ್ತಿ, ದಿಂಡಿಗದ ಜೊತೆ ಸಿಗುತ್ತದೆ. ತೊಗಟೆಗೆ ಕಚ್ಚು ಬಿದ್ದರೆ ರಕ್ತದಂಥ ಕೆಂಪು ಅಂಟು ಒಸರುತ್ತದೆ.

ಇನ್ನು ಲೋಟದ ವಿಷಯ. ಚೇಗಿನಲ್ಲಿ, ಅಂದರೆ ಮರದ ಒಳಗಿನ ಗಟ್ಟಿ ತಿರುಳಿನಲ್ಲಿ, ಮಾಡಿದ ಲೋಟಕ್ಕೆ ರಾತ್ರಿ ನೀರು ತುಂಬಿಟ್ಟರೆ ಬೆಳಿಗ್ಗೆ ಕಂದು ಬಣ್ಣ ಬಂದಿರುತ್ತದೆ. ಬಿಸಿಲಿಗೆ ಹಿಡಿದು ನೋಡಿ, ನೀಲಿ ಹೊಳಪು ಕಾಣುತ್ತದೆ. ಚೇಗಿನ ಸಾರದಿಂದ ಸಕ್ಕರೆ ಇಳಿದದ್ದು ಕೆಲವು ಪ್ರಯೋಗಗಳಲ್ಲಿ ಕಂಡಿದೆ, ನಿಜ. ಆದರೆ ಲೋಟ ನಂಬಿಕೊಂಡು ಮಾತ್ರೆ ಬಿಡಬೇಡಿ, ಸುಮ್ನೆ ಅಪಾಯ.

ಬಾಗಿಲು, ಗಾಡಿಗೆಲ್ಲ ಗಟ್ಟಿ ಮರ ಅಲ್ವಾ, ಕಡಿದದ್ದೂ ಜಾಸ್ತಿ. ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಇದನ್ನು ಅಪಾಯದ ಅಂಚಿಗೆ ಹತ್ತಿರವಿರುವ ಮರ ಎಂದು ಗುರುತಿಸಿದೆ. ಜಮೀನಿನಲ್ಲಿ ಬೆಳೆಸಬೇಕಾದರೆ ಕಾಯಿಯ ರೆಕ್ಕೆ ಕತ್ತರಿಸಿ, ನೀರಲ್ಲಿ ನೆನೆಸಿ ಬಿತ್ತಿ.