ಸಿಂಗ್ ಸಿಂಗ್ ಜೈಲಿನ ಹಳೆಯ ವಾರ್ಡನ್‌ಗಳು ಎಂಥವರಾಗಿದ್ದರು?

ಪ್ರಶ್ನೆ ಕೇಳಿದವರು ಕೆಳಗೆ ಇನ್ನೂ ಎರಡು ಸಾಲು ಸೇರಿಸಿದ್ದಾರೆ. ಅಮೆರಿಕದ ಈ ಜೈಲಿನ ಬಗ್ಗೆ ಎಲ್ಲಿ ಓದಿದರೂ ವಾರ್ಡನ್‌ಗಳ ಹೆಸರು ಬರುತ್ತದೆ, ಇವರೆಲ್ಲ ಪೊಲೀಸರಾ, ಎಲ್ಲಿಂದ ಬಂದರು, ಕೊನೆಗೆ ಏನಾದರು ಅಂತ.

ನಾನು ಇತಿಹಾಸ ಓದಿದವನಲ್ಲ. ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ಅಪ್ಪ ಜೈಲಿನಲ್ಲಿ ವಾರ್ಡರ್ ಆಗಿ ಸೇರಿ, ಹೆಡ್ ವಾರ್ಡರ್ ಆಗಿ ನಿವೃತ್ತನಾದವನು. ನಾನು ಬೆಳೆದದ್ದು ಜೈಲಿನ ಕ್ವಾರ್ಟರ್ಸ್‌ಗಳಲ್ಲಿ. ಹಾಗಾಗಿ ಜೈಲು ನಡೆಸುವವರ ಬಗ್ಗೆ ಎಲ್ಲಿ ಏನು ಸಿಕ್ಕರೂ ಬಿಡದೆ ಓದುವ ಚಟ. ಓದಿದ್ದನ್ನು ಸಂಜೆ ಜಗುಲಿಯಲ್ಲಿ ಅಪ್ಪನಿಗೆ ಹೇಳುತ್ತೇನೆ. ಅವನು ಎಲೆಗೆ ಸುಣ್ಣ ಹಚ್ಚುತ್ತ ಕೇಳುತ್ತಾನೆ.

ಮೊದಲು ಒಂದು ಗೊಂದಲ ಬಿಡಿಸಿಬಿಡೋಣ. ನಮ್ಮಲ್ಲಿ 'ವಾರ್ಡರ್' ಅಂದರೆ ಕೈಯಲ್ಲಿ ಲಾಠಿ, ಸೊಂಟದಲ್ಲಿ ಬೀಗದ ಕೈ ಇಟ್ಟುಕೊಂಡು ಪಹರೆ ಮಾಡುವವನು. ಅಮೆರಿಕದ 'ವಾರ್ಡನ್' ಇಡೀ ಜೈಲಿನ ದೊಡ್ಡ ಸಾಹೇಬ, ಅಂದರೆ ನಮ್ಮ ಸೂಪರಿಂಟೆಂಡೆಂಟ್. ಅಕ್ಷರದಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ, ಸಂಬಳದಲ್ಲಿ ಆಕಾಶ ಭೂಮಿ. ಇನ್ನು ಕಾಲೇಜಿನಲ್ಲಿ ನಾನು ಅಪ್ಪ ವಾರ್ಡರ್ ಅಂದರೆ ಗೆಳೆಯರು ಕೇಳುತ್ತಿದ್ದದ್ದು ಒಂದೇ: "ಯಾವ ಹಾಸ್ಟೆಲಲ್ಲಿ?"

ಸಿಂಗ್ ಸಿಂಗ್ ಇರುವುದು ನ್ಯೂಯಾರ್ಕ್ ಶಹರದಿಂದ ಸುಮಾರು 50 ಕಿಲೋಮೀಟರ್ ಉತ್ತರಕ್ಕೆ, ಹಡ್ಸನ್ ನದಿಯ ದಂಡೆಯಲ್ಲಿ. ಶಹರದ ಕೈದಿಗಳನ್ನು ನದಿಯ ಮೇಲ್ಗಡೆಗೆ ಒಯ್ಯುತ್ತಿದ್ದರು. ಅದಕ್ಕೆ ಅಲ್ಲಿ 'ನದಿ ಮೇಲೆ ಹೋದ' ಅಂದರೆ ನಾವು 'ಮಾವನ ಮನೆಗೆ ಹೋದ' ಅಂದ ಹಾಗೆ. ಜೈಲಿನ ಹೆಸರು ಎಷ್ಟು ಕೆಟ್ಟಿತ್ತು ಅಂದರೆ, ಅದೇ ಹೆಸರಿನ ಪಕ್ಕದ ಹಳ್ಳಿಯವರು ನಾಚಿಕೆ ತಾಳದೆ 1901ರಲ್ಲಿ ತಮ್ಮ ಊರಿನ ಹೆಸರನ್ನೇ ಆಸಿನಿಂಗ್ ಅಂತ ಬದಲಿಸಿಕೊಂಡರು. ಬೆಳಗಾವಿಯ ಸೆಂಟ್ರಲ್ ಜೈಲು ಇರುವ ನಮ್ಮ ಹಿಂಡಲಗಾದವರಿಗೆ ಇಷ್ಟು ಮುಜುಗರ ಆದಂತಿಲ್ಲ.

ಈ ಜೈಲನ್ನು ಕಟ್ಟಿಸಿದವನೇ ಅದರ ಮೊದಲ ಸಾಹೇಬ, ಇಲಾಮ್ ಲಿಂಡ್ಸ್. ಹಿಂದೆ ಸೈನ್ಯದಲ್ಲಿ ಕ್ಯಾಪ್ಟನ್ ಆಗಿದ್ದವನು. 1825ರಲ್ಲಿ ಆಬರ್ನ್ ಜೈಲಿನಿಂದ 100 ಕೈದಿಗಳನ್ನು ಕರೆದುಕೊಂಡು ಬಂದ. ಅಲ್ಲಿ ಗೋಡೆ ಇಲ್ಲ, ಬೇಲಿ ಇಲ್ಲ, ಮಲಗಲು ಸೂರೂ ಇಲ್ಲ. ಕಲ್ಲಿನ ಗಣಿ ಮಾತ್ರ ಇತ್ತು. ಆ ಕಲ್ಲು ಒಡೆದು ಕೈದಿಗಳು ತಮ್ಮ ಜೈಲನ್ನು ತಾವೇ ಕಟ್ಟಿದರು. ಒಬ್ಬರಿಗೊಬ್ಬರು ಮಾತಾಡುವ ಹಾಗಿರಲಿಲ್ಲ. ಮಾತಾಡಿದರೆ ಚಾಟಿ ಏಟು. ಇದನ್ನು ಓದಿ ಹೇಳಿದಾಗ ಅಪ್ಪ ಕೇಳಿದ ಮೊದಲ ಪ್ರಶ್ನೆ: "ರಾತ್ರಿ ಎಣಿಕೆ ಹೇಗೆ ಮಾಡ್ತಿದ್ರು?"

ಈ ಎಣಿಕೆ ವಿಷಯ ಇಲ್ಲೇ ಹೇಳಬೇಕು. ಜೈಲಿನಲ್ಲಿ ಬೆಳಿಗ್ಗೆ ಬಾಗಿಲು ತೆಗೆದಾಗ ಎಣಿಕೆ, ಸಂಜೆ ಬೀಗ ಹಾಕುವಾಗ ಎಣಿಕೆ. ಜನರನ್ನು ಜೋಡಿ ಜೋಡಿಯಾಗಿ ಕೂರಿಸಿ ಎಣಿಸುವುದು. ಒಬ್ಬ ಕಡಿಮೆ ಬಂದರೆ ಅವತ್ತು ಯಾರೂ ಮನೆಗೆ ಹೋಗುವ ಹಾಗಿಲ್ಲ. ಮನುಷ್ಯರಷ್ಟೇ ಅಲ್ಲ, ಕತ್ತಿ, ಕತ್ತರಿ, ಗುದ್ದಲಿ, ಅಡುಗೆಮನೆಯ ಈಳಿಗೆ, ಹೊರಗೆ ಕೊಟ್ಟದ್ದೆಲ್ಲ ಲೆಕ್ಕದ ಪ್ರಕಾರ ಒಳಗೆ ಬರಬೇಕು. ಈ ಅಭ್ಯಾಸ ಅಪ್ಪನ ಮೈಗೆ ಅಂಟಿಬಿಟ್ಟಿದೆ. ನಾವು ಮನೆಮಂದಿ ಹನ್ನೊಂದು ಜನ ಗೋಕರ್ಣಕ್ಕೆ ಹೊರಟಿದ್ದೆವು. ಅಪ್ಪ ಬಸ್ಸಿನ ಬಾಗಿಲಲ್ಲಿ ನಿಂತು ತೋರುಬೆರಳಿನಿಂದ ಎರಡೆರಡೇ ಎಣಿಸಿದ. ಹತ್ತೇ ಬಂತು. ಮತ್ತೆ ಎಣಿಸಿದ, ಮತ್ತೆ ಹತ್ತು. ಕಂಡಕ್ಟರ್ ಸೀಟಿ ಊದುತ್ತಿದ್ದಾನೆ, ಅಪ್ಪ ಮೆಟ್ಟಿಲು ಬಿಡುತ್ತಿಲ್ಲ. ಕೊನೆಗೆ ಆಯಿ ಒಳಗಿಂದ ಕೂಗಿದಳು: "ನಿಮ್ಮನ್ನ ಎಣಿಸ್ಕೊಳ್ಳಿ ಮಾರಾಯ್ರೆ!"

ಇರಲಿ, ಲಿಂಡ್ಸ್‌ಗೆ ಬರೋಣ. ಅವನ ಬಗ್ಗೆ ಒಂದು ಕತೆ ಇದೆ. ಫ್ರಾನ್ಸಿನಿಂದ ಟಾಕ್ವಿಲ್, ಬೋಮೊಂ ಅನ್ನುವ ಇಬ್ಬರು 1831ರಲ್ಲಿ ಅಮೆರಿಕದ ಜೈಲುಗಳನ್ನು ನೋಡಲು ಬಂದಿದ್ದರು. ಅವರೇ ತಮ್ಮ ವರದಿಯಲ್ಲಿ ಬರೆದದ್ದು. ಒಬ್ಬ ಕೈದಿ, ಅವಕಾಶ ಸಿಕ್ಕಿದ ದಿನ ಲಿಂಡ್ಸ್‌ನನ್ನು ಮುಗಿಸುತ್ತೇನೆ ಅಂತ ಹೇಳಿಕೊಂಡು ತಿರುಗುತ್ತಿದ್ದ. ಸುದ್ದಿ ಕಿವಿಗೆ ಬಿತ್ತು. ಲಿಂಡ್ಸ್ ಅವನನ್ನು ಸೀದಾ ತನ್ನ ಮಲಗುವ ಕೋಣೆಗೆ ಕರೆಸಿದ. ಕೈಗೆ ಕ್ಷೌರದ ಕತ್ತಿ ಕೊಟ್ಟು ಗಡ್ಡ ಬೋಳಿಸು ಅಂದ. ಆ ಕೈದಿ ನಡುಗುತ್ತ ಬೋಳಿಸಿದ. ಮುಗಿದ ಮೇಲೆ ಲಿಂಡ್ಸ್ ಹೇಳಿದ್ದರ ಅರ್ಥ ಇಷ್ಟು: ನನ್ನನ್ನು ಕೊಲ್ಲುವ ಯೋಚನೆ ನಿನಗಿದೆ ಅಂತ ಗೊತ್ತು, ಆದರೆ ಅಷ್ಟು ಧೈರ್ಯ ನಿನಗೆ ಇಲ್ಲ ಅಂತಲೂ ಗೊತ್ತು.

ಎಲ್ಲರೂ ಇದನ್ನು ಧೈರ್ಯದ ಕತೆ ಅಂತ ಹೇಳುತ್ತಾರೆ. ನನಗೆ ಹಾಗೆ ಅನಿಸಲಿಲ್ಲ. ಕತ್ತಿ ಹಿಡಿದವನನ್ನೂ ಮನುಷ್ಯ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳದ ತಾತ್ಸಾರ ಅದು. ಈ ಲಿಂಡ್ಸ್ ಕೆಲಸ ಕಳಕೊಂಡ, ಮತ್ತೆ ಬಂದ, ಕ್ರೌರ್ಯದ ಆರೋಪ ಹೊತ್ತು ಮತ್ತೆ ಹೋದ. ಆದರೆ ಅವನು ಕಟ್ಟಿಸಿದ ಕಲ್ಲಿನ ಕೋಣೆಗಳು ಮಾತ್ರ 1943ರ ತನಕ ಬಳಕೆಯಲ್ಲಿದ್ದವು. ಒಂದೊಂದು ಕೋಣೆ 7 ಅಡಿ ಉದ್ದ, 3 ಅಡಿ 3 ಇಂಚು ಅಗಲ. ಈ ಅಳತೆ ಓದಿದ ದಿನ ನಾನು ಟೇಪು ಹಿಡಿದು ಜಗುಲಿಯ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಒಳಗೆ ನಿಂತು ಎರಡೂ ಕೈ ಚಾಚಲು ಹೋದರೆ ಮೊಣಕೈ ಮಡಚಲೇಬೇಕು. ಅಪ್ಪ ಅದರೊಳಗೆ ಅಂಗಾತ ಮಲಗಿ ನೋಡಿದ. ಎದ್ದು ಬೆನ್ನು ಕೊಡವಿಕೊಂಡು, "ಇದ್ರಾಗೆ ತಪಾಸಣೆಗೆ ಒಳಗೆ ಹೋದವನು ತಿರುಗಿ ಬರೋದು ಹೇಗೆ?" ಅಂದ. ಆ ಗೆರೆ ಮಳೆಗಾಲದ ತನಕ ಹಾಗೇ ಇತ್ತು.

ಲಿಂಡ್ಸ್ ನಂತರ ಬಂದವರ ಪಟ್ಟಿ ಉದ್ದ ಇದೆ, ಹೇಳುವಂಥದ್ದು ಕಡಿಮೆ. ಇದೇ ನಿಮ್ಮ ಪ್ರಶ್ನೆಗೆ ಉತ್ತರವೂ ಹೌದು. ಹೆಚ್ಚಿನವರು ಪೊಲೀಸರಲ್ಲ, ಜೈಲಿನ ಕೆಲಸ ಕಲಿತವರೂ ಅಲ್ಲ. ಆ ಹುದ್ದೆ ರಾಜಕೀಯದ ಕೃಪೆಯಿಂದ ಸಿಗುತ್ತಿತ್ತು. ಗವರ್ನರ್ ಬದಲಾದರೆ, ಪಕ್ಷ ಬದಲಾದರೆ ವಾರ್ಡನ್ನೂ ಗಂಟುಮೂಟೆ ಕಟ್ಟಬೇಕು. ನಮ್ಮಲ್ಲಿ ನಿಗಮ ಮಂಡಳಿ ಅಧ್ಯಕ್ಷರು ಬದಲಾಗುತ್ತಾರಲ್ಲ, ಹಾಗೆ. ಸಿಂಗ್ ಸಿಂಗ್‌ನಿಂದ ಬೇಗ ಹೊರಗೆ ಬರಬೇಕು ಅಂದರೆ ವಾರ್ಡನ್ ಆಗಿ ಒಳಗೆ ಹೋಗು ಅಂತ ಅಲ್ಲಿ ತಮಾಷೆ ಮಾಡುತ್ತಿದ್ದರು.

ಈ ಪಟ್ಟಿಯಲ್ಲಿ ತೀರಾ ವಿಚಿತ್ರ ಆಸಾಮಿ ಅಂದರೆ ಥಾಮಸ್ ಮಾಟ್ ಆಸ್ಬರ್ನ್. ಹುಟ್ಟು ಶ್ರೀಮಂತ. ಕೊಯ್ಲಿನ ಯಂತ್ರ ಮಾಡುವ ಕಾರ್ಖಾನೆಯ ಮನೆತನ, ಹಾರ್ವರ್ಡ್ ಓದು, ಆಬರ್ನ್ ಊರಿನ ಮೇಯರ್ ಬೇರೆ ಆಗಿದ್ದ. 1913ರಲ್ಲಿ, ಜೈಲು ಸುಧಾರಣೆಯ ಸಮಿತಿಯಲ್ಲಿದ್ದಾಗ, ಟಾಮ್ ಬ್ರೌನ್ ಅನ್ನುವ ಹೆಸರಿಟ್ಟುಕೊಂಡು ಆಬರ್ನ್ ಜೈಲಿನೊಳಗೆ ಒಂದು ವಾರ ಕೈದಿಯಾಗಿ ಇದ್ದ. ಕೈದಿಗಳಿಗೂ ಗೊತ್ತಿತ್ತು, ಇವನು ಯಾರು ಅಂತ. ಆದರೂ ಬುಟ್ಟಿ ಹೆಣೆಯುವ ಕೆಲಸ ಮಾಡಿದ, ಅದೇ ಊಟ ಉಂಡ, ಬೇಕಂತಲೇ ತಪ್ಪು ಮಾಡಿ ಶಿಕ್ಷೆಯ ಕತ್ತಲೆ ಕೋಣೆಗೂ ಹೋಗಿ ಬಂದ.

ಮರುವರ್ಷದ ಡಿಸೆಂಬರ್‌ನಲ್ಲಿ ಅವನನ್ನು ಸಿಂಗ್ ಸಿಂಗ್‌ಗೆ ವಾರ್ಡನ್ ಮಾಡಿದರು. ಅಲ್ಲಿ ಕೈದಿಗಳದ್ದೇ ಒಂದು ಸಂಘ ಕಟ್ಟಿದ. ಕೈದಿಗಳೇ ಪ್ರತಿನಿಧಿಗಳನ್ನು ಆರಿಸುವುದು, ಸಣ್ಣಪುಟ್ಟ ತಪ್ಪುಗಳಿಗೆ ಕೈದಿಗಳೇ ಪಂಚಾಯಿತಿ ಕೂರುವುದು. ಇಂಥದ್ದನ್ನು ಸಹಿಸುವವರು ಯಾರು? ಒಂದು ವರ್ಷದಲ್ಲಿ ಸುಳ್ಳು ಸಾಕ್ಷಿ, ಕರ್ತವ್ಯಲೋಪ ಅಂತ ಕೇಸು ಜಡಿದರು. ಕೇಸು ಬಿದ್ದುಹೋಯಿತು. 1916ರ ಜುಲೈನಲ್ಲಿ ಮತ್ತೆ ಬಂದ, ಕೈದಿಗಳು ಹಬ್ಬ ಮಾಡಿದರು. ಅಕ್ಟೋಬರ್‌ನಲ್ಲಿ ತಾನೇ ರಾಜೀನಾಮೆ ಬರೆದು ಹೊರಟ. ಆಮೇಲೆ ಪೋರ್ಟ್ಸ್‌ಮತ್‌ನ ನೌಕಾಪಡೆಯ ಜೈಲು ನೋಡಿಕೊಂಡ. 1926ರಲ್ಲಿ ತೀರಿಹೋದ.

ಅಪ್ಪನಿಗೆ ಆಸ್ಬರ್ನ್ ಅಷ್ಟೇನೂ ಹಿಡಿಸಲಿಲ್ಲ. "ಏಳು ದಿನ ಅಂತ ಮೊದ್ಲೇ ಗೊತ್ತಿದ್ರೆ ನಾನೂ ಇರ್ತೆ" ಅಂದ. ಮಾತು ಸುಳ್ಳಲ್ಲ. ಆದರೂ ಏಳು ದಿನ ಇದ್ದು ನೋಡಿದ ಸಾಹೇಬರು ಎಷ್ಟು ಜನ ಇದ್ದಾರೆ ಹೇಳಿ, ನನಗೆ ಅವನ ಮೇಲೆ ಗೌರವವೇ.

ಅಪ್ಪನಿಗೆ ಹಿಡಿಸಿದವನು ಲೂಯಿಸ್ ಲಾಸ್. ಹಿಡಿಸಲೇಬೇಕು, ಯಾಕೆಂದರೆ ಅವನು ವಾರ್ಡರನ ಮಗ. ಅವನಪ್ಪ ಎಲ್ಮೈರಾದ ಸುಧಾರಣಾಗೃಹದಲ್ಲಿ ಕಾವಲಿಗಿದ್ದವನು. ಲಾಸ್ ಹುಟ್ಟಿದ್ದು 1883ರಲ್ಲಿ, ಅದೇ ಊರಿನಲ್ಲಿ. 1905ರಲ್ಲಿ ತಾನೂ ಕಾವಲುಗಾರನಾಗಿ ಸೇರಿ, ಮೆಟ್ಟಿಲು ಮೆಟ್ಟಿಲಾಗಿ ಹತ್ತಿ, 36ನೇ ವಯಸ್ಸಿಗೆ ಸಿಂಗ್ ಸಿಂಗ್‌ಗೆ ಬಂದ. ಹಿಂದಿನವರು ತಿಂಗಳ ಲೆಕ್ಕದಲ್ಲಿ ಹೋಗುತ್ತಿದ್ದ ಜಾಗದಲ್ಲಿ 1920ರಿಂದ 1941ರ ತನಕ ಗಟ್ಟಿಯಾಗಿ ಕೂತ. "ಕೆಳಗಿಂದ ಬಂದವನಿಗೆ ಯಾವ ಬಾಗಿಲು ಯಾವಾಗ ಕಿರ್ ಅಂತದೆ ಗೊತ್ತಿರ್ತದೆ" ಅಂತ ಅಪ್ಪನ ವಿವರಣೆ.

ಲಾಸ್ ಕಾಲದಲ್ಲಿ ಕೈದಿಗಳಿಗೆ ಫುಟ್ಬಾಲ್ ತಂಡ ಇತ್ತು, ಹೊರಗಿನ ಜನ ಟಿಕೆಟ್ ತೆಗೆದು ನೋಡಲು ಬರುತ್ತಿದ್ದರು. ಚಾರ್ಲ್ಸ್ ಚಾಪಿನ್ ಅಂತ ಒಬ್ಬ ಪತ್ರಿಕಾ ಸಂಪಾದಕ, ಹೆಂಡತಿಯನ್ನು ಕೊಂದು ಒಳಗೆ ಬಂದಿದ್ದ. ಕಚೇರಿಯಲ್ಲಿದ್ದಾಗ ವರದಿಗಾರರನ್ನು ಗಡಗಡ ನಡುಗಿಸುತ್ತಿದ್ದವನಂತೆ. ಅವನಿಗೆ ಲಾಸ್ ಜೈಲಿನ ಅಂಗಳದ ಬರಡು ನೆಲ ಬಿಟ್ಟುಕೊಟ್ಟ. ಆ ಮುದುಕ ಅಲ್ಲಿ ಗುಲಾಬಿ ತೋಟ ಎಬ್ಬಿಸಿದ. 1930ರಲ್ಲಿ ಸಾಯುವಾಗ ಅವನು 'ಸಿಂಗ್ ಸಿಂಗ್‌ನ ಗುಲಾಬಿಯವ' ಅಂತಲೇ ಹೆಸರಾಗಿದ್ದ.

ಇದೆಲ್ಲ ಕೇಳಲು ಚೆಂದ. ಆದರೆ ಅದೇ ಕಾಂಪೌಂಡಿನಲ್ಲಿ ಕರೆಂಟ್ ಕುರ್ಚಿಯೂ ಇತ್ತು. 1891ರಿಂದ 1963ರ ತನಕ ಅದರ ಮೇಲೆ ಸತ್ತವರು 614 ಜನ. ಅವರಲ್ಲಿ 303 ಜನ ಲಾಸ್‌ನ ಕಾಲದವರು. ಅವನು ಮೊದಲು ಮರಣದಂಡನೆ ಬೇಕು ಅನ್ನುತ್ತಿದ್ದವನು. ಅಂಕಿಅಂಶ ತೆಗೆದು ನೋಡಿ, ಇದರಿಂದ ಕೊಲೆ ಏನೂ ಕಡಿಮೆಯಾಗಿಲ್ಲ ಅಂತ ಮನಸ್ಸು ಬದಲಿಸಿದ. ದೇಶವೆಲ್ಲ ತಿರುಗಿ ಅದರ ವಿರುದ್ಧ ಭಾಷಣ ಮಾಡಿದ. ಮತ್ತೆ ಜೈಲಿಗೆ ಬಂದು ಮುಂದಿನ ಆದೇಶ ಜಾರಿ ಮಾಡಿದ. ಆ ಗಳಿಗೆಯಲ್ಲಿ ಅವನು ಕುರ್ಚಿಯ ಕಡೆ ನೋಡುತ್ತಿರಲಿಲ್ಲವಂತೆ. ನನಗೆ ಇಲ್ಲಿ ಸಿಟ್ಟು ಬಂತು. ಅಷ್ಟು ಬೇಡವಾಗಿದ್ದರೆ ಕೆಲಸ ಬಿಡಬಹುದಿತ್ತಲ್ವಾ? ಅಪ್ಪನನ್ನು ಕೇಳಿದೆ. ಕರ್ನಾಟಕದಲ್ಲಿ ಗಲ್ಲುಗಂಬ ಇರುವುದು ಹಿಂಡಲಗಾದಲ್ಲಿ ಮಾತ್ರ, ಅಪ್ಪನಿಗೆ ಆ ಡ್ಯೂಟಿ ಯಾವತ್ತೂ ಬೀಳಲಿಲ್ಲ. ಸುಮಾರು ಹೊತ್ತು ಸುಮ್ನೆ ಇದ್ದು, "ಅವ ಬಿಟ್ರೆ ನೋಡಿಕೊಂಡೇ ನಿಲ್ಲುವವನು ಬರ್ತಿದ್ದ" ಅಂದ. ನನಗೆ ಈ ಉತ್ತರ ಇವತ್ತಿಗೂ ಪೂರ್ತಿ ಒಪ್ಪಿಗೆಯಿಲ್ಲ.

ಇದೇ ಕತೆ ಇನ್ನೊಂದು ಜೈಲಿನಲ್ಲೂ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್, ಸಮುದ್ರದ ಕೊಲ್ಲಿಯ ದಂಡೆಯಲ್ಲಿ. ಅಲ್ಲಿ ಕ್ಲಿಂಟನ್ ಡಫಿ ಅಂತ ಒಬ್ಬ, ಅವನೂ ಕಾವಲುಗಾರನ ಮಗ, ಹುಟ್ಟಿದ್ದೇ ಆ ಜೈಲಿನ ಊರಿನಲ್ಲಿ. 1940ರಲ್ಲಿ 30 ದಿನಕ್ಕೆ ಅಂತ ತಾತ್ಕಾಲಿಕವಾಗಿ ಕೂರಿಸಿದರು, 11 ವರ್ಷದ ಮೇಲೆ ಇದ್ದ. ಬಂದವನೇ ಹೊಡೆಯುವವರನ್ನು ಮನೆಗೆ ಕಳಿಸಿದ, ಕತ್ತಲೆ ಕೋಣೆ ಮುಚ್ಚಿದ. ಅವನೂ ಮರಣದಂಡನೆ ಬೇಡ ಅಂದವನು, ಅವನೂ ಜಾರಿ ಮಾಡಿದವನು.

ನಮ್ಮ ಕಡೆ ಬೇರೆ ತರಹ. ಬ್ರಿಟಿಷರ ಕಾಲದಲ್ಲಿ ಎಷ್ಟೋ ಜಿಲ್ಲಾ ಜೈಲುಗಳಿಗೆ ಸಿವಿಲ್ ಸರ್ಜನ್‌ನೇ ಸೂಪರಿಂಟೆಂಡೆಂಟ್. ಬೆಳಿಗ್ಗೆ ಆಸ್ಪತ್ರೆ, ಆಮೇಲೆ ಜೈಲು. 1930ರಲ್ಲಿ ಅಂಕೋಲೆಯಲ್ಲಿ ಉಪ್ಪು ಮಾಡಿ ಜೈಲಿಗೆ ಹೋದ ನಮ್ಮ ಹಿರಿಯರ ಕಾಲದ ವ್ಯವಸ್ಥೆ ಅದು, ಆಗ ನಾವು ಮುಂಬಯಿ ಪ್ರಾಂತದಲ್ಲಿದ್ದೆವು. ಈಗಿನ ಸೂಪರಿಂಟೆಂಡೆಂಟ್‌ಗಳು ಇಲಾಖೆಯವರು, ವರ್ಗಾವಣೆ ಬಂದಲ್ಲಿಗೆ ಟ್ರಂಕು ಎತ್ತುವವರು. ಅಪ್ಪ ಅಂಥವರನ್ನು ಎಷ್ಟೋ ಜನರನ್ನು ನೋಡಿದ್ದಾನೆ. ಹೆಸರು ಹೇಳುವುದಿಲ್ಲ. ಅವರನ್ನು ಅಳೆಯಲು ಅವನದೊಂದು ಉಪಾಯ ಇತ್ತು. ಹೊಸ ಸಾಹೇಬ ಬಂದ ದಿನ ಮೊದಲು ಅಡುಗೆಮನೆಗೆ ಹೋದನೋ, ಆಫೀಸಿಗೆ ಹೋದನೋ ನೋಡುವುದು.

ಕೊನೆಯದಾಗಿ ಮತ್ತೆ ಲಾಸ್. ಅವನ ಮನೆ ಜೈಲಿನಲ್ಲೇ ಇತ್ತು, ಅಡುಗೆ ಮಾಡುವವರು, ತೋಟ ನೋಡುವವರು ಎಲ್ಲ ಕೈದಿಗಳು. ಕಿರಿಯ ಮಗಳು ಅವರ ಕೈಯಲ್ಲೇ ಬೆಳೆದಳು. ಅವನ ಗಡ್ಡ ಬೋಳಿಸುತ್ತಿದ್ದವನೂ ಕೊಲೆ ಮಾಡಿ ಬಂದ ಕೈದಿ. ಲಿಂಡ್ಸ್ ಹೋಗಿ ಸುಮಾರು ನೂರು ವರ್ಷಕ್ಕೆ, ಅದೇ ಜೈಲು, ಅದೇ ಕ್ಷೌರದ ಕತ್ತಿ. ಒಬ್ಬ ಒಂದು ದಿನ ಹೆದರಿಸಲು ಕುತ್ತಿಗೆ ಒಡ್ಡಿದ, ಇನ್ನೊಬ್ಬ ದಿನಾ ಬೆಳಿಗ್ಗೆ ಸುಮ್ನೆ ಒಡ್ಡಿದ. ಎರಡನ್ನೂ ಜೋಡಿಸಿ ನಾನು ಬಹಳ ಉತ್ಸಾಹದಿಂದ ಅಪ್ಪನಿಗೆ ಹೇಳಿದೆ. ಅವನು ಅಡಿಕೆ ಹೋಳು ಬಾಯಿಗೆ ಹಾಕಿಕೊಂಡು, ಏನೋ ಯೋಚಿಸುತ್ತ ಕೂತ. ಏನಾದರೂ ದೊಡ್ಡ ಮಾತು ಬರುತ್ತದೆ ಅಂತ ಕಾದೆ.

"ಬೋಳಿಸಿ ಆದ್ಮೇಲೆ," ಅಂದ, "ಕತ್ತಿ ಎಣಿಸಿ ಒಳಗಿಟ್ರಾ?"