ಟ್ರೌಟ್ ಯಾಕೆ ಕಚ್ಚುತ್ತಿಲ್ಲ?

ಪ್ರಶ್ನೆ: ಹಿಮಾಚಲದ ತೀರ್ಥನ್ ನದಿಯಲ್ಲಿ ಲೈಸೆನ್ಸ್ ಪಡೆದು ಟ್ರೌಟ್ ಮೀನಿಗೆ ಸ್ಪಿನ್ನರ್ (ಎಳೆದಾಗ ನೀರಲ್ಲಿ ತಿರುಗುವ ತಗಡಿರುವ ಗಾಳ) ಹಾಕಿದೆ. ಒಂದು ಟ್ರೌಟೂ ಕಚ್ಚಲಿಲ್ಲ, ದಾರವೆಲ್ಲ ಸಿಕ್ಕಾಯಿತು. ತಪ್ಪೆಲ್ಲಿ?

ಉತ್ತರ: ಸ್ಪಿನ್ನರ್ ತಿರುಗುವಾಗ ದಾರವನ್ನೂ ಹುರಿಗಟ್ಟಿಸುತ್ತದೆ. ಅದಕ್ಕಿಂತ ಒಂದೂವರೆ ಅಡಿ ಮೇಲೆ ಚಿಕ್ಕದೊಂದು ಸ್ವಿವೆಲ್ (ದಾರ ಹುರಿಗಟ್ಟದಂತೆ ತಾನೇ ತಿರುಗುವ ಕೊಂಡಿ) ಕಟ್ಟಿ. 6 ಪೌಂಡ್ ಭಾರ ತಡೆಯುವ ನೈಲಾನ್ ದಾರ, 1 ಅಥವಾ 2ನೇ ನಂಬರ್ ಗಾತ್ರದ ಸ್ಪಿನ್ನರ್ ಸಾಕು. ಗಂಟನ್ನು ಒದ್ದೆ ಮಾಡಿಯೇ ಬಿಗಿಯಿರಿ; ಒಣದಾರ ಉಜ್ಜಿ ಬಿಸಿಯಾಗಿ, ಮೀನು ಎಳೆದಾಗ ಅಲ್ಲೇ ತುಂಡಾಗುತ್ತದೆ.

ಇನ್ನು ಮೀನಿನ ವಿಷಯ. ಟ್ರೌಟ್ ಹರಿವಿಗೆ ಮುಖಮಾಡಿ ಬಂಡೆಯ ಮರೆಯಲ್ಲಿ ನಿಂತಿರುತ್ತದೆ. ನೀವು ನೀರು ಹರಿದುಹೋಗುವ ಕಡೆಯಿಂದ, ಅದರ ಹಿಂಬದಿಯಿಂದ ಬನ್ನಿ. ನೀರು ಬರುವ ಕಡೆಗೆ ಓರೆಯಾಗಿ ಎಸೆದು, ನೀರಿನ ಓಟಕ್ಕಿಂತ ತುಸು ಜೋರಾಗಿ ದಾರ ಸುತ್ತಿ. ನಿಧಾನವಾದರೆ ಸ್ಪಿನ್ನರಿನ ತಗಡು ತಿರುಗುವುದೇ ಇಲ್ಲ, ಗಾಳ ಕಲ್ಲಿಗೆ ಸಿಕ್ಕಿಕೊಳ್ಳುತ್ತದೆ. ನೀರು ಬಗ್ಗಡವಾದ ದಿನ ಸುಮ್ಮನಿರುವುದೇ ವಾಸಿ. ಅಂದಹಾಗೆ, ನವೆಂಬರ್‌ನಿಂದ ಫೆಬ್ರವರಿ ಕೊನೆಯವರೆಗೆ ಅಲ್ಲಿ ಟ್ರೌಟ್ ಹಿಡಿಯುವಂತಿಲ್ಲ.